ಹಾಫ್ ಟೈಮ್ ಯಾರಿಗೂ ನೆನಪಿಲ್ಲ

ಒಂದು ಊರಿತ್ತಂತೆ, ಆ ಊರಿನ ಜನರ ಕಣ್ಣು ಕಂಡದ್ದನ್ನು ಕುರ್ಚಿಗಳು ಇಟ್ಟುಕೊಳ್ಳುತ್ತಿದ್ದವಂತೆ. ಜನ ಎದ್ದು ಹೋಗುತ್ತಿದ್ದರಂತೆ, ಕುರ್ಚಿಗಳು ಹೋಗುತ್ತಿರಲಿಲ್ಲವಂತೆ. ಅಲ್ಲೊಬ್ಬ ಮುದುಕಿ ತನ್ನ ಮೊಮ್ಮಗಳಿಗೆ ಒಂದು ಕೆಲಸ ಹೇಳಿದಳಂತೆ, ಮೊಮ್ಮಗಳು ಹೂಂ ಅಂದಳಂತೆ. ಹೂಂ ಅಂದ ಮೇಲೆ ಕೆಲಸ ಮುಗಿಯುವವರೆಗೆ ಕಥೆ ಮುಗಿಯುವಂತಿಲ್ಲ. ನನ್ನ ಆಯಿ ಎಲ್ಲ ಕಥೆಗಳನ್ನೂ ಹೀಗೇ ಶುರುಮಾಡುತ್ತಿದ್ದಳು, ನನಗೆ ಬೇರೆ ರೀತಿ ಶುರುಮಾಡಲು ಬರುವುದಿಲ್ಲ. ಆದರೆ ಇಲ್ಲಿ 'ಅಂತೆ' ಹಚ್ಚುವುದು ಸುಳ್ಳಾಗುತ್ತದೆ. ಊರು ನಮ್ಮದೇ. ಮುದುಕಿ ಅಂದರೆ ನನ್ನ ಅಪ್ಪನ ತಾಯಿ ನೀಲವ್ವ, ನನಗೆ ಆಯಿ. ಹೂಂ ಅಂದವಳು ನಾನು, ಚಂದ್ರಿಕಾ.

ನಮ್ಮ ಊರಿನಲ್ಲಿ ಹಳೆಯ ಕುರ್ಚಿಯನ್ನು ಯಾರೂ ಒಲೆಗೆ ಹಾಕುವುದಿಲ್ಲ. ಟೀವಿಯಲ್ಲಿ ಫುಟ್ಬಾಲಿನ ದೊಡ್ಡ ಆಟವನ್ನು ಎಲ್ಲಿ ಕೂತು ನೋಡಿದೆವೋ ಅದರ ನೆನಪು ಅಲ್ಲೇ ಉಳಿಯುತ್ತದೆ. ಎದ್ದರೆ ಹೋಯಿತು, ಮತ್ತೆ ಅಲ್ಲೇ ಕೂತರೆ ಬಂತು. ಬಾಯಲ್ಲೊಂದು ರುಚಿ, ಅಂಗೈಯಲ್ಲೊಂದಿಷ್ಟು ಬಿಸಿ, ಎದ್ದ ಮೇಲೆ ಉಳಿಯುವುದು ಅಷ್ಟೇ. ಹಾಗಾಗಿ ಹಡಪದ ಈರಪ್ಪಣ್ಣ ಎಲ್ಲರಿಗೂ ನಿಲ್ಲಿಸಿಯೇ ಗಡ್ಡ ಹೆರೆಯುತ್ತಾನೆ. ಅವನ ತಿರುಗುವ ಕುರ್ಚಿಯಲ್ಲಿ ಜುಟ್ಟಿನ ಇಟಲಿಯವನು ಫೈನಲ್ಲಿನ ಪೆನಾಲ್ಟಿಯನ್ನು ಆಕಾಶಕ್ಕೆ ಒದ್ದದ್ದು ಕೂತಿದೆ. ಅಲ್ಲಿ ಕೂತ ಗಿರಾಕಿ ಆ ಗಳಿಗೆಗೆ ಸರಿಯಾಗಿ ತಲೆ ಮೇಲೆತ್ತುತ್ತಾನೆ, ಕತ್ತಿ ಗಂಟಲಿಗೆ ಬರುತ್ತದೆ. ಗಿರಣಿಯ ಶಿದ್ಲಿಂಗಪ್ಪ ಜೋಳದ ಚೀಲದ ಮೇಲೆ ಕೂತು ಕ್ಯಾಮರೂನಿನ ಹಿರಿಯ ಆಟಗಾರ ಮೂಲೆಯ ಬಾವುಟದ ಹತ್ತಿರ ಸೊಂಟ ಕುಣಿಸಿದ್ದನ್ನು ನೋಡಿದ್ದ. ಆ ಚೀಲದ ಜೋಳವನ್ನು ಇವತ್ತಿಗೂ ಬೀಸಿಲ್ಲ. ಬಸವಂತ ಮಾಸ್ತರರು ಟೀವಿಯಿದ್ದ ಫುಟ್ಬಾಲ್ ಕ್ಲಬ್ಬಿನ ಕಿಟಕಿಯಾಚೆಯ ಬೇವಿನ ಕೊಂಬೆಯಿಂದ ಗಿಡ್ಡ ಅರ್ಜೆಂಟೀನಾದವನು ಇಂಗ್ಲೆಂಡಿನ ಅರ್ಧ ತಂಡವನ್ನು ದಾಟಿ ಓಡಿದ್ದನ್ನು ನೋಡಿದವರು. ಅದು ನೆನಪಾಗಬೇಕೆಂದರೆ ಈಗ ಅವರಿಗೆ ಏಣಿ ಹಚ್ಚಬೇಕು, ಕೆಳಗಿನಿಂದ ಇಬ್ಬರು ದೂಡಬೇಕು. ನಮ್ಮ ಎದುರು ಮನೆಯ ಮದುವೆಯ ಸೋಫಾದಲ್ಲಿ ಬೋಳುತಲೆಯ ಫ್ರಾನ್ಸಿನವನು ಎದುರಿನವನ ಎದೆಗೆ ತಲೆಯಿಂದ ಗುದ್ದಿದ್ದು ಇದೆ. ಅದರಲ್ಲಿ ಬೀಗರನ್ನು ಕೂಡಿಸುವುದಿಲ್ಲ.

ಪರರ ಮನೆಗೆ ಹೋದರೆ ಕೂಡುವ ಮೊದಲು "ಇದ್ರಾಗ ಏನೈತಿ?" ಅಂತ ಕೇಳುವುದು ನಮ್ಮಲ್ಲಿ ಮರ್ಯಾದೆ. ನೆನಪು ಬೇಕಾದವರು ಕೂಡುತ್ತಾರೆ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಕೇಳುತ್ತಾರೆ. ಕಂಡವರಿಗೆ ಮರೆತು ಹೋಗುತ್ತದೆ, ಕೇಳಿದವರಿಗೆ ಉಳಿಯುತ್ತದೆ. ಇನ್ನೊಂದು ವಿಷಯ. ಕುರ್ಚಿಯಲ್ಲಿ ಮಾತು ಉಳಿಯುತ್ತದೆ, ದನಿ ಉಳಿಯುವುದಿಲ್ಲ, ಕಣ್ಣು ಆಟದ ಮೇಲೆಯೇ ಇದ್ದದ್ದರಿಂದ ಪಕ್ಕದವರ ಮುಖವೂ ಉಳಿಯುವುದಿಲ್ಲ. ಯಾರು ಕೂತರೂ ಆ ಕಣ್ಣು ತಮ್ಮದೇ, ಆ ಎದೆಬಡಿತ ತಮ್ಮದೇ ಅನ್ನಿಸುತ್ತದೆ. ಮತ್ತೆ, ನಮ್ಮ ಊರಿನಲ್ಲಿ ಹಾಫ್ ಟೈಮ್ ಯಾರಿಗೂ ನೆನಪಿಲ್ಲ. ಹಾಫ್ ಟೈಮಿನಲ್ಲಿ ಎಲ್ಲರೂ ಚಹಕ್ಕೆ ಏಳುತ್ತಾರೆ. ಎದ್ದವರ ನೆನಪನ್ನು ಯಾವ ಕುರ್ಚಿ ಇಟ್ಟುಕೊಳ್ಳಬೇಕು?

ನಾನು ಬೆಳೆದದ್ದು ಆಯಿಯ ಅರ್ಧ ಬೆಂಚಿನ ಪಕ್ಕದಲ್ಲಿ ನಿಂತು. ಅದು ಕ್ಲಬ್ಬಿನ ತೇಗದ ಬೆಂಚಿನ ಅರ್ಧ. ಆಯಿ ಪ್ರತಿ ರವಿವಾರ ಮಧ್ಯಾಹ್ನ ಎಲೆ ಅಡಿಕೆ ಹಾಕಿಕೊಂಡು ಅದರ ಮೇಲೆ ಕೂತು ಮೆಕ್ಸಿಕೋದಲ್ಲಿ ಬ್ರೆಜಿಲ್ ಮತ್ತು ಫ್ರಾನ್ಸ್ ಆಡಿದ್ದನ್ನು ಹೇಳುತ್ತಿದ್ದಳು. ಉಳಿದ ದಿನ ರಾಜ ರಾಣಿಯರ ಕಥೆ. ನನ್ನ ತಲೆಯಲ್ಲಿ ಎರಡೂ ಕಲೆತು ಹೋಗಿದ್ದವು. ಹಳದಿ ಅಂಗಿಯ ಎತ್ತರದ ಗಡ್ಡದವನು ನಿಧಾನಕ್ಕೆ ಬಂದು ಪೆನಾಲ್ಟಿ ಒದ್ದು, ಗೋಲು ಕಾಯುವ ಗೋಲಿಯ ಕೈಗೆ ಕೊಟ್ಟು, ತಲೆ ತಗ್ಗಿಸಿ ಹೋದನಲ್ಲ, ಅವನು ಶಾಪ ತಗಲಿದ ರಾಜಕುಮಾರನೆಂದು ನಾನು ಬಹಳ ದಿನ ನಂಬಿದ್ದೆ. ರಾಕ್ಷಸನ ಜೀವ ಗಿಳಿಯೊಳಗಿತ್ತು ಅಂತ ಆಯಿ ಹೇಳಿದಾಗ, ಆ ಗಿಳಿಯ ಮೇಲೆ ಯಾರು ಕೂತಿದ್ದರು ಅಂತ ಕೇಳಿ ಬೈಸಿಕೊಂಡಿದ್ದೆ.

ಆಯಿಯ ಆಟದಲ್ಲಿ ನನಗೆ ಎಂದೂ ತಿಳಿಯದ ಒಂದು ತಿರುವಿತ್ತು. ಹಾಫ್ ಟೈಮಿನ ತನಕ ಅವಳು ನೀಲಿ ಅಂಗಿಯ ಫ್ರಾನ್ಸಿನ ಕಡೆ. ಬ್ರೆಜಿಲ್ ಗೋಲು ಹೊಡೆದರೆ ಹಣೆ ಬಡಿದುಕೊಳ್ಳುತ್ತಿದ್ದಳು, ಫ್ರಾನ್ಸ್ ಸರಿಗಟ್ಟಿದರೆ ತೊಡೆ ತಟ್ಟುತ್ತಿದ್ದಳು. ಆಮೇಲೆ ಎದ್ದು ಚಹ ಕುಡಿದು ಮತ್ತೆ ಅಲ್ಲೇ ಬಂದು ಕೂತರೆ ಹಳದಿ ಅಂಗಿಯವರಿಗಾಗಿ ಅಳುತ್ತಿದ್ದಳು. "ಆಯಿ, ನೀ ಯಾರ ಕಡೆ?" ಅಂತ ಕೇಳಿದರೆ, "ನನಗೂ ಗೊತ್ತಿಲ್ಲ ಬೇ. ಕೂತಾಗ ಹಂಗ ಆಕ್ಕೈತಿ" ಅನ್ನುತ್ತಿದ್ದಳು. ಓಣಿಯವರು ಇದನ್ನು ಹಿಡಿದು ಅವಳನ್ನು ಬೇಕಾದಷ್ಟು ಆಡಿಕೊಂಡಿದ್ದರು.

ಆಟದ ಕೊನೆ ಮಾತ್ರ ಯಾವತ್ತೂ ಒಂದೇ. ಪೆನಾಲ್ಟಿಗಳು ನಡೆಯುತ್ತವೆ. ಒಂದು ಚೆಂಡು ಕಂಬಕ್ಕೆ ಬಡಿದು, ಬಿದ್ದ ಗೋಲಿಯ ಬೆನ್ನಿಗೆ ಬಡಿದು ಒಳಗೆ ಹೋಗುತ್ತದೆ. ಆಮೇಲೆ ಇನ್ನೊಂದು ಕಂಬಕ್ಕೆ ಬಡಿದು ಹೊರಗೆ ಹೋಗುತ್ತದೆ. ಅಲ್ಲಿಗೆ ಬಂದಾಗ ಆಯಿಯ ಮುಖ ಕೆಂಪಗಾಗುತ್ತಿತ್ತು. "ನಾ ಅಕೀಗೆ ಹೇಳಿದೆ, ಸೋತ್ರೂ ಕೈ ಬಿಡಬ್ಯಾಡ ಅಂತ. ಬಿಡೂದಿಲ್ಲ ಅಂದ್ಲು. ನೀಲಿ ಅಂಗಿಯವ ಕಡೀ ಪೆನಾಲ್ಟಿ ಒದ್ದ, ಒಳಗ ಹೋತು. ಅಕಿ ನನ್ನ ಕೈ ಝಾಡಿಸಿ ಎದ್ದು ಚಪ್ಪಾಳಿ ಹೊಡದ್ಲು. ನಾ ಖಾಲಿ ಕೈ ಮುಂದ ಮಾಡ್ಕೊಂಡು ಕುಂತs ಇದ್ದೆ." ಅಕಿ ಅಂದರೆ ಜೈತುನಬಿ. ಇಬ್ಬರೂ ಕೂಡಿ ಕ್ಲಬ್ಬಿಗೆ ಫುಟ್ಬಾಲ್ ಹೊಲಿಯುತ್ತಿದ್ದರು, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಆ ಆಟದ ನಂತರ ಕ್ಲಬ್ಬಿಗೆ ಹೊಸ ಕುರ್ಚಿಗಳು ಬಂದು, ಬೆಂಚನ್ನು ನಡುವೆ ಕೊಯ್ದು, ಅವರವರ ಜಾಗ ಅವರವರಿಗೆ ಕೊಟ್ಟರು. ಕಿಟಕಿ ಕಡೆಯದು ನೀಲವ್ವನ ಜಾಗ, ಬಾಗಿಲ ಕಡೆಯದು ಜೈತುನಬಿಯ ಜಾಗ, ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಪ್ರತಿ ರಂಜಾನಿಗೆ ಜೈತುನಬಿ ಶೀರಕುರ್ಮಾ ಪಾಯಸದ ಡಬ್ಬಿ ಕಳಿಸುತ್ತಾಳೆ, ಆಯಿ ಅದನ್ನು ನಮಗೆ ಬಡಿಸಿ, ಡಬ್ಬಿ ತೊಳೆದು ಖಾಲಿ ವಾಪಸು ಕಳಿಸುತ್ತಾಳೆ. ಖಾಲಿ ಡಬ್ಬಿ ಕಳಿಸುವುದು ನಮ್ಮಲ್ಲಿ ಬೈಗುಳ.

ಬೆಂಚಿನಿಂದ ಎದ್ದ ಮೇಲೆ ಆಯಿಗೆ ಏನೂ ನೆನಪಿರುತ್ತಿರಲಿಲ್ಲ, ಸಿಟ್ಟೊಂದು ಬಿಟ್ಟು. "ಸಿಟ್ಟಿನ ರುಚಿ ಲವಂಗದ ರುಚಿ" ಅನ್ನುತ್ತಿದ್ದಳು. ಅವಳ ಕಥೆಯ ರಾಕ್ಷಸರೆಲ್ಲ ಲವಂಗ ನಾರುತ್ತಿದ್ದರು. ಲವಂಗ ಕಂಡರೆ ಅವಳಿಗೆ ವಾಕರಿಕೆ, ನಮ್ಮ ಮನೆಯ ಪಲಾವಿಗೂ ಅದು ಬೀಳುತ್ತಿರಲಿಲ್ಲ.

ಹೀಗಿರುವಾಗ ಈ ಬೇಸಿಗೆಯ ಒಂದು ರವಿವಾರ ಬೆಂಚಿನ ಕೆಳಗೆ ಸಣ್ಣ ಹಳದಿ ಪುಡಿ ಬಿದ್ದಿತ್ತು. ಆಯಿ ಕೂತಳು, ಆಟ ಶುರುವಾಯಿತು, ಬ್ರೆಜಿಲಿನ ಗೋಲು ಬರುವ ಹೊತ್ತಿಗೆ ಮಾತು ನಿಲ್ಲಿಸಿದಳು. "ಹಳದಿಯವ್ರು ಓಡಾಕತ್ತಿದ್ರು. ಈಗ ನೋಡಿದ್ರ ಎಲ್ಲಾರೂ ನಡುಗೆರಿಗೆ ಬಂದು ನಿಂತಾರ. ನಡುವ ಏನಾತು?"

"ಗೋಲ್ ಆತು, ಆಯಿ. ಬ್ರೆಜಿಲಿಂದು. ನೀನs ಹೇಳಿದ್ದಿ ಅಲ್ಲ?"

"ನೀ ಹೇಳೂದು ಕೇಳಸ್ತೈತಿ. ನನಗ ಕಾಣವಲ್ದು."

ಹುಳ ಬಿದ್ದಿತ್ತು. ಸೀಮೆಎಣ್ಣೆ ಹಚ್ಚಿದೆವು, ಬೇವಿನ ಎಣ್ಣೆ ಹಚ್ಚಿದೆವು. ಮುಂದಿನ ವಾರ ಫ್ರಾನ್ಸಿನ ಗೋಲಿನಲ್ಲೂ ಅರ್ಧ ಹೋಗಿತ್ತು, ಚೆಂಡು ಬಂದದ್ದು ಕಾಣುತ್ತಿತ್ತು, ಒದ್ದವನು ಕಾಣುತ್ತಿರಲಿಲ್ಲ. ಆಯಿ ಅಂದು ಊಟ ಮಾಡಲಿಲ್ಲ. ನನ್ನನ್ನು ಹತ್ತಿರ ಕರೆದು ಕೂದಲಲ್ಲಿ ಬೆರಳಾಡಿಸುತ್ತ ಹೇಳಿದಳು, "ಹುಳ ಹಂಗs ತಿನಕೋತ ಕಡೀ ಪೆನಾಲ್ಟಿಗೆ ಮುಟ್ಟಿದ್ರ ನನ್ನ ಗತಿ ಏನು? ಬಾಯಾಗ ಸಿಟ್ಟು ಉಳಿತೈತಿ, ಯಾಕ ಅಂತ ಗೊತ್ತಿರೂದಿಲ್ಲ. ಕಾರಣ ಇಲ್ಲದ ಸಿಟ್ಟು ಕಟಗೊಂಡು ಹ್ಯಾಂಗ ಸಾಯ್ಲಿ ನಾನು? ನೀ ಹೋಗಿ ಅಕೀನ್ನ ಕರಕೊಂಡ ಬಾ. ಅಕಿ ಅರ್ಧಾ ಬೆಂಚೂ ಬರಲಿ. ಇಬ್ರೂ ಕುಂತು ಆಟ ಕಡೀತನಕ ನೋಡೂನು. ಅಕಿ ನನ್ನ ಕೈ ಹಿಡಕೊಂಡು ತಪ್ಪಾತು ಅನ್ನಲಿ. ಆಮ್ಯಾಲ ಹುಳ ಏನ ಬೇಕಾದ್ದು ತಿನ್ಲಿ. ಮಾಡ್ತಿ?"

"ಹೂಂ" ಅಂದೆ. ಕಥೆಗೆ ಹೂಂಗುಟ್ಟಿದ ರೂಢಿಯಲ್ಲಿ ಅಂದದ್ದು. ಆಮೇಲೆ ತಿಳಿಯಿತು, ಇದು ಕಥೆಯಲ್ಲ.

ಹೋಗುವ ಮೊದಲು ನಾನೊಮ್ಮೆ ಆಯಿಯ ಬೆಂಚಿನ ಮೇಲೆ ಕೂತೆ. ಆಯಿಯೇ ಕೂಡು ಅಂದಳು, ಹೋದಲ್ಲಿ ಹೇಳಲು ಬಾಯಿಗೆ ಬಲ ಬರಲಿ ಎಂದು. ಏನು ಕಂಡೆನೋ ಎದ್ದ ಮೇಲೆ ನನಗೆ ಗೊತ್ತಿಲ್ಲ. ನಾನೂ ನೀಲಿಯಾಗಿ ಕೂಗಿ ಹಳದಿಯಾಗಿ ಅತ್ತೆನಂತೆ, ನಿಂತು ಕೇಳಿದ ಆಯಿ ಹೇಳಿದಳು. ನನಗೆ ಉಳಿದದ್ದು ನಾಲಿಗೆಯ ಮೇಲಿನ ರುಚಿ. ಒಣಗಿದ, ಚುಚ್ಚುವ, ಹಲ್ಲಿನ ಬೇರಿಗೆ ಇಳಿಯುವ ರುಚಿ. ಲವಂಗವನ್ನು ನಾನು ಹುಟ್ಟಿದಾಗಿನಿಂದ ಬಾಯಿಗೆ ಹಾಕಿಕೊಂಡವಳಲ್ಲ, ಆದ್ದರಿಂದ ಇದು ಸಿಟ್ಟಿನ ರುಚಿ ಎಂದೇ ತಿಳಿದೆ.

ಜೈತುನಬಿಯ ಮನೆ ಕ್ಲಬ್ಬಿನ ಹಿಂದಿನ ಓಣಿಯಲ್ಲಿ. ಹೋದಾಗ ಅವಳೂ ಸೊಸೆ ಶಮೀಮಳೂ ಪಡಸಾಲೆಯಲ್ಲಿ ಎದುರುಬದುರು ಕೂತು ಒಂದೇ ಚೆಂಡನ್ನು ಎರಡು ಕಡೆಯಿಂದ ಹೊಲಿಯುತ್ತಿದ್ದರು. ಜೈತುನಬಿ ತೆಳ್ಳನೆಯ ಮುದುಕಿ, ಒಂದು ಕೆನ್ನೆ ಸ್ವಲ್ಪ ಉಬ್ಬಿತ್ತು. ನನ್ನನ್ನು ನೋಡಿ ಸೂಜಿ ಕೆಳಗಿಟ್ಟಳು. "ನೀಲಾನ ಮೊಮ್ಮಗಳಲ್ಲ ನೀನು? ಏನಾಗೇತಿ ಅಕೀಗೆ?"

"ಏನೂ ಆಗಿಲ್ರಿ. ಬೆಂಚಿಗೆ ಹುಳ ಬಿದ್ದೈತಿ."

ಅವಳು ಉಸಿರು ಬಿಟ್ಟಳು. ಅವಳ ಅರ್ಧ ಬೆಂಚು ಗೋಡೆಗೆ ಹೊಂದಿಕೊಂಡಿತ್ತು, ಮೇಲೆ ಬಿಳಿಯ ವಸ್ತ್ರ. ನಾನು ಬಂದ ಕೆಲಸ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಸೆರಗು ಮುಂದೆಳೆದುಕೊಂಡಳು. "ಯಾವ ಮಾರಿ ತಗೊಂಡು ಬರ್ಲಿ, ಮಗಳs? ತಪ್ಪು ನಂದs ಐತಿ. ಬೆಂಚಿನ ಮ್ಯಾಲ ಕುಂತಾಗೊಮ್ಮೆ ಕಾಣ್ತೈತಿ. ನೋಡು, ನೀನs ಕೇಳು." ಅಂದು ವಸ್ತ್ರ ಸರಿಸಿ ಕೂತಳು. ನಾನು ಪಕ್ಕದಲ್ಲಿ ನಿಂತು ಕೇಳಿದೆ.

ಅವಳದು ಆಯಿಯದಕ್ಕೆ ಸರಿಯಾಗಿ ಉಲ್ಟಾ. ಹಾಫ್ ಟೈಮಿನ ತನಕ ಅವಳು ಹಳದಿ. ಬ್ರೆಜಿಲಿನ ಗೋಲಿಗೆ ಕೂತಲ್ಲೇ ಜಿಗಿದಳು. ಎದ್ದು, ನೀರು ಕುಡಿದು, ತಿರುಗಿ ಅದೇ ಜಾಗದಲ್ಲಿ ಕೂತ ಮೇಲೆ ನೀಲಿ. ಹಳದಿಯವರು ಪೆನಾಲ್ಟಿ ಕಳಕೊಂಡಾಗ ಒಳಗೊಳಗೇ ನಕ್ಕಳು. ಕೊನೆಗೆ, "ಅಕಿ ಅಂದ್ಲು, ಸೋತ್ರೂ ಕೈ ಬಿಡಬ್ಯಾಡ ಅಂತ. ಬಿಡೂದಿಲ್ಲ ಅಂದೆ. ಕಡೀದು ಒಳಗ ಹೋತು. ನಾ ಅಕಿ ಕೈ ಝಾಡಿಸಿ ಎದ್ದೆ..." ಅಂದವಳು ನಿಜವಾಗಿಯೂ ಎದ್ದು ನಿಂತು, ಏನು ಹೇಳುತ್ತಿದ್ದೆನೆಂದು ತಿಳಿಯದೆ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು. "ಎದ್ದಮ್ಯಾಲ ಏನೂ ಉಳಿಯೂದಿಲ್ಲ. ನಾಚಿಕಿ ಅಷ್ಟs. ಸುಣ್ಣ ಜಾಸ್ತಿ ಆದ ಎಲಿ ತಿಂದಂಗ ನಾಲಿಗಿ ಸುಡತೈತಿ. ಜಲ್ಮದಾಗ ಎಲಿ ಹಾಕಿದಾಕಿ ಅಲ್ಲ ನಾನು."

ನನಗೆ ಏನೂ ಅರ್ಥವಾಗಲಿಲ್ಲ. ಇಬ್ಬರೂ ಒಂದೇ ಆಟದಲ್ಲಿ ನಡುವೆ ಕಡೆ ಬದಲಿಸಿದವರು. ಇವಳು ಅವಳ ಕಡೆಗೆ, ಅವಳು ಇವಳ ಕಡೆಗೆ. ಇಬ್ಬರಿಗೂ ಒಂದೇ ದಿನ ಒಂದೇ ಹೊತ್ತಿನಲ್ಲಿ ಮನಸ್ಸು ಬದಲಾದದ್ದು ಹೇಗೆ? ಜೈತುನಬಿ ಕಣ್ಣೊರೆಸಿಕೊಂಡು ಹೋಗಿ ಮತ್ತೆ ಹೊಲಿಗೆಗೆ ಕೂತಳು. ಅಷ್ಟರಲ್ಲಿ ಶಮೀಮ, "ಅತ್ತಿ, ಅರ್ಧ ಆತು" ಅಂದಳು. ಅತ್ತೆ ಸೊಸೆ ಇಬ್ಬರೂ ಎದ್ದರು, ಚೆಂಡನ್ನು ಅಲ್ಲೇ ಬಿಟ್ಟು, ಅವಳ ಜಾಗದಲ್ಲಿ ಇವಳು, ಇವಳ ಜಾಗದಲ್ಲಿ ಅವಳು ಕೂತು, ಮತ್ತೆ ಸೂಜಿ ಹಿಡಿದರು.

"ಯಾಕ್ರಿ ಜಾಗ ಬದಲಿಸಿದ್ರಿ?"

"ನನ್ನ ಹೊಲಿಗಿ ಬಿಗಿ, ಇಕಿದು ಸಡ್ಲ" ಅಂದಳು ಜೈತುನಬಿ. "ಅರ್ಧ ಆದಮ್ಯಾಲ ಅದಲಬದಲ ಆಗಲಿಲ್ಲಂದ್ರ ಚೆಂಡು ಒಂದs ಕಡೆ ವಾಲತೈತಿ. ನಿಮ್ಮ ಆಯಿನೂ ನಾನೂ ಇದನ್ನs ಮಾಡ್ತಿದ್ವಿ. ಎಷ್ಟು ರೂಢಿ ಅಂದ್ರ, ಉಣ್ಣಾಕ ಕುಂತ್ರೂ ಅರ್ಧಾ ಊಟಕ್ಕ ಎದ್ದು ಜಾಗಾ ಬದಲಿಸ್ತಿದ್ವಿ. ಜನ ನಗ್ತಿದ್ರು."

ಶಮೀಮ ನನ್ನತ್ತ ನೋಡಿ, "ಹೋಗ್ರಿ ಅತ್ತಿ, ಒಂದ್ಸಲ ಹೋಗಿ ಬರ್ರಿ. ವರ್ಷಾ ವರ್ಷಾ ಡಬ್ಬಿ ಖಾಲಿ ಬಂದಾಗ ನೀವು ಒಳಗ ಕುಂತು ಅಳೂದು ನನಗ ನೋಡಾಕ ಆಗೂದಿಲ್ಲ" ಅಂದಳು. ಜೈತುನಬಿ ಸೂಜಿಯನ್ನು ಚೆಂಡಿಗೆ ಚುಚ್ಚಿಟ್ಟು, ಎದ್ದು ಮುಸುಕು ಸರಿಮಾಡಿಕೊಂಡಳು. ಬಿಸಿಲಿಗೆ ಗಂಟಲು ಒಣಗಬಾರದೆಂದು ತನ್ನ ಸೊಂಟದ ಚಂಚಿ ಚೀಲದಿಂದ ಒಂದು ಲವಂಗ ತೆಗೆದು ನನ್ನ ಬಾಯಿಗೆ ಹಾಕಿದಳು. "ಹಲ್ಲುನೋವು ಶುರು ಆದಾಗಿಂದ ನನ್ನ ಬಾಯಾಗ ಇದು ಇದ್ದs ಇರತೈತಿ. ಕೂಡಿ ಹೊಲೀತಿದ್ದಾಗs ನೀಲಾ ಇದಕ್ಕ ಬೈತಿದ್ಲು."

ನಾಲಿಗೆಗೆ ಅದು ತಾಗಿದಾಗ ನನಗೆ ಗುರುತು ಸಿಕ್ಕಿತು. ಆಯಿಯ ಬೆಂಚಿನಿಂದ ಎದ್ದಾಗ ನನ್ನ ಬಾಯಲ್ಲಿದ್ದದ್ದು ಇದೇ. ಸಿಟ್ಟಲ್ಲ, ಲವಂಗ.

ಅರ್ಧ ಬೆಂಚನ್ನು ಈರಪ್ಪಣ್ಣನ ತಳ್ಳುಗಾಡಿಯ ಮೇಲೆ ಹೇರಿದೆವು. ಜೈತುನಬಿ ಮುಂದೆ ನಡೆದಳು, ನಾನೂ ಈರಪ್ಪಣ್ಣನೂ ಹಿಂದಿನಿಂದ ತಳ್ಳಿದೆವು. ನನ್ನ ತಲೆಯೊಳಗೆ ಆಯಿಯ ಒಂದು ಕಥೆ ತಿರುಗುತ್ತಿತ್ತು. ಇಬ್ಬರು ರಾಜಕುಮಾರಿಯರು ಕೆರೆಯ ದಂಡೆಯಲ್ಲಿ ಸೀರೆ ಕಳಚಿಟ್ಟು ಈಜಿದರಂತೆ, ಮೇಲೆ ಬಂದು ಅವಳ ಸೀರೆ ಇವಳು, ಇವಳ ಸೀರೆ ಅವಳು ಉಟ್ಟುಕೊಂಡರಂತೆ. ಅರಮನೆಯವರು ಸೀರೆ ನೋಡಿ ಹೆಸರು ಕರೆದರಂತೆ, ರಾಜಕುಮಾರಿಯರೂ ಸೀರೆ ನೋಡಿಕೊಂಡೇ ತಾವು ಯಾರೆಂದು ತಿಳಿದುಕೊಂಡರಂತೆ. ಕೊನೆಗೆ ಏನಾಯಿತು ಅಂತ ನನಗೆ ಗೊತ್ತಿಲ್ಲ, ಅಷ್ಟು ಹೊತ್ತಿಗೆ ಆಯಿಗೆ ನಿದ್ದೆ ಬರುತ್ತಿತ್ತು.

"ಈರಪ್ಪಣ್ಣ, ಜಗಳ ಆದಾಗ ಮೊದಲ ಮಾತು ಬಿಟ್ಟಾಕಿ ಯಾರು?"

"ಅದs ನನಗೂ ತಿಳಿಯಂಗಿಲ್ಲ ನೋಡವಾ" ಅಂದ ಈರಪ್ಪಣ್ಣ. "ಆಟದ ಮರುದಿನ ಮಾರಿ ಉಬ್ಬಿಸಿಕೊಂಡಾಕಿ ಜೈತುನಬಿ. ನಿಮ್ಮ ಆಯಿ ಪಾಪ, ಯಾಕಂತ ತಿಳೀದs ಅಕಿ ಹಿಂದ ಹಿಂದ ತಿರುಗ್ಯಾಡಿದ್ಲು. ಆಮ್ಯಾಲ ಬೆಂಚು ಕೊಯ್ದು ಮನಿಗೆ ಒಯ್ದ್ರು. ಅಲ್ಲಿಂದ ಮಾರಿ ಉಬ್ಬಿಸಿದಾಕಿ ನಿಮ್ಮ ಆಯಿ, ಹಿಂದ ತಿರಗಾಕಿ ಜೈತುನಬಿ. ಹೆಂಗಸರ ಜಗಳ, ನಾವು ನಡುವ ಬಾಯಿ ಹಾಕಬಾರದಂತ ಬಿಟ್ವಿ."

ನನ್ನ ಕೈ ಗಾಡಿಯ ಮೇಲೆ ನಿಂತುಬಿಟ್ಟಿತು. ಹಾಫ್ ಟೈಮಿನಲ್ಲಿ ಇಬ್ಬರೂ ಎದ್ದಿದ್ದಾರೆ, ಚಹ ಕುಡಿದಿದ್ದಾರೆ, ರೂಢಿಯ ಹಾಗೆ ಜಾಗ ಬದಲಿಸಿ ಕೂತಿದ್ದಾರೆ. ಎದ್ದದ್ದು ಯಾರಿಗೂ ನೆನಪಿಲ್ಲ. ಹಾಗಾದರೆ ಕಿಟಕಿ ಕಡೆಯ ಅರ್ಧದಲ್ಲಿ ಆಟದ ಮೊದಲರ್ಧ ಆಯಿಯದು, ಉಳಿದದ್ದು ಜೈತುನಬಿಯದು. ಬಾಗಿಲ ಕಡೆಯದರಲ್ಲಿ ಮೊದಲರ್ಧ ಜೈತುನಬಿಯದು, ಉಳಿದದ್ದು ಆಯಿಯದು. ಆಯಿ ರವಿವಾರ ರವಿವಾರ ಕೂತು ತನ್ನದೆಂದು ಪೋಷಿಸಿದ ಸಿಟ್ಟು ಜೈತುನಬಿಗೆ ಸೇರಬೇಕಾದದ್ದು. ಜೈತುನಬಿ ಇಷ್ಟು ಕಾಲ ಸುಟ್ಟುಕೊಂಡ ನಾಚಿಕೆ ಆಯಿಗೆ ಸೇರಬೇಕಾದದ್ದು. ಕೈ ಬಿಟ್ಟವಳು ಆಯಿ. ಹೀಗೆ ಅಂದುಕೊಂಡೆ, ಮರುಗಳಿಗೆಯೇ ಇದೂ ನಾನು ಕಟ್ಟಿದ ಕಥೆಯಿರಬಹುದು ಅನ್ನಿಸಿತು. ನನಗೆ ಕಥೆ ಯಾವುದು ಆಟ ಯಾವುದು ಅಂತ ಮೊದಲಿನಿಂದಲೂ ತಿಳಿಯದು. ಮುಂದೆ ನಡೆಯುತ್ತಿದ್ದ ಜೈತುನಬಿ, ಮಾಡದ ತಪ್ಪಿಗೆ ಕ್ಷಮೆ ಕೇಳಲು ಬಿಸಿಲಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ನಾನು ಸುಮ್ಮನಿದ್ದರೆ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಕೂತಾರು, ಅವಳು ತಪ್ಪಾಯಿತು ಅಂದಾಳು, ಆಯಿ ಹೇಳಿದ ಕೆಲಸ ಹೇಳಿದ ಹಾಗೆಯೇ ಮುಗಿದೀತು. ಆಯಿಗೆ ಬೇಕಾದದ್ದೂ ಅಷ್ಟೇ.

ಆಯಿ ಇಳಕಲ್ಲ ಸೀರೆ ಉಟ್ಟು, ಅಂಗಳದಲ್ಲಿ ತನ್ನ ಅರ್ಧ ಬೆಂಚಿನ ಪಕ್ಕ ನೆಟ್ಟಗೆ ನಿಂತಿದ್ದಳು. "ಬಂದ್ಯಾ?" ಅಂದಳು. "ಬಂದೆ" ಅಂದಳು ಜೈತುನಬಿ, ನೆಲ ನೋಡುತ್ತ. ಎರಡು ಅರ್ಧಗಳನ್ನು ಇಟ್ಟಿಗೆಯ ಮೇಲೆ ಹೊಂದಿಸಿಟ್ಟೆವು. ಕೊಯ್ದಲ್ಲಿ ಗೆರೆಗೆ ಗೆರೆ ಕೂಡಿತು. ಕಿಟಕಿ ಕಡೆಯ ಅರ್ಧದಲ್ಲಿ ಆಯಿ, ಬಾಗಿಲ ಕಡೆಯದರಲ್ಲಿ ಜೈತುನಬಿ, ನಡುವೆ ಗೇಣು ಜಾಗ. ನಾನು ಎದುರು ನಿಂತೆ. ಈರಪ್ಪಣ್ಣ ಗಾಡಿಗೆ ಒರಗಿದ.

ಆಟ ಇಬ್ಬರಿಗೂ ಒಟ್ಟಿಗೇ ಶುರುವಾಯಿತು. ಮೊದಮೊದಲು ಬಿಗಿಬಿಗಿ. ಆಮೇಲೆ ಆಯಿ ಕಾಣದೆ ತಡವರಿಸಿದಳು, "ಇಲ್ಲಿ ಹುಳ ತಿಂದೈತಿ, ಮುಂದೇನಾತು?" ಅಂದಳು ಯಾರಿಗೋ ಎಂಬಂತೆ. "ಗೋಲ್ ಆತು. ನಮ್ಮದು" ಅಂದಳು ಜೈತುನಬಿ, ಕಣ್ಣು ಮುಚ್ಚಿಕೊಂಡೇ. "ಹ್ಯಾಂಗ ಹೊಡದ? ಸರಿಯಾಗಿ ಹೇಳು." "ಬಲಗಡೆಯಿಂದ ಆಡಕೋತ ಬಂದ್ರು, ನಡುವ ಕೊಟ್ರು, ಎತ್ತಿ ಜಡದ. ನಿಮ್ಮ ಗೋಲಿ ಆಕಳಂಗ ನಿಂತಿದ್ದ." "ಆಕಳಲ್ಲ ಅಂವ, ಮುಂದ ನೋಡು" ಅಂದಳು ಆಯಿ. ಗೇಣು ಜಾಗ ಎಷ್ಟು ಹೊತ್ತಿಗೆ ಕಡಿಮೆಯಾಯಿತೋ ನಾನು ನೋಡಲಿಲ್ಲ. ಫ್ರಾನ್ಸ್ ಸರಿಗಟ್ಟಿತು. ಹಾಫ್ ಟೈಮ್ ಆಯಿತು. ಇಬ್ಬರೂ ಮೊಣಕಾಲು ಹಿಡಿದುಕೊಂಡು ಎದ್ದರು, ನಾನು ಚಹ ಕೊಟ್ಟೆ.

ಬಟ್ಟಲು ಖಾಲಿಯಾದಾಗ ಆಯಿ ತನ್ನ ಜಾಗಕ್ಕೆ ತಿರುಗಿದಳು. ನಾನು ಅಡ್ಡ ನಿಂತೆ. "ಆಯಿ, ಆ ಕಡೆ ಕುಂದ್ರು" ಅಂದೆ.

"ಅದು ಅಕಿ ಜಾಗ."

"ಆಟಗಾರರೂ ಕಡೆ ಬದಲಿಸ್ಯಾರ. ಅರ್ಧ ಆದಮ್ಯಾಲ ಬದಲಿಸಲಿಲ್ಲಂದ್ರ ಚೆಂಡು ವಾಲತೈತಂತ."

ಆಯಿ ನನ್ನನ್ನು ನೋಡಿದಳು, ಜೈತುನಬಿಯನ್ನು ನೋಡಿದಳು. ಹಳೆಯ ರೂಢಿಯೊಂದು ಕಾಲಿನಿಂದ ಮೇಲೆ ಹತ್ತಿ ಬರುತ್ತಿದೆ ಎಂಬ ಹಾಗೆ ಕಂಡಳು. "ನಾವು ಬದಲಿಸ್ತಿದ್ವಿ" ಅಂದಳು ಮೆಲ್ಲಗೆ. "ಹೂಂ, ಬದಲಿಸ್ತಿದ್ವಿ" ಅಂದಳು ಜೈತುನಬಿ. ಇಬ್ಬರೂ ಒಬ್ಬರನ್ನೊಬ್ಬರು ಸುತ್ತಿ ಬಂದು ಅದಲು ಬದಲಾಗಿ ಕೂತರು.

ಈ ಸಲ ಆಯಿ ನೀಲಿಯಾಗಿದ್ದವಳು ನೀಲಿಯಾಗಿಯೇ ಉಳಿದಳು. ಜೈತುನಬಿ ಹಳದಿಯಾಗಿಯೇ ಉಳಿದಳು. ಆಯಿಗೆ ಅದರಿಂದ ಮೊದಲು ಬಹಳ ಖುಷಿಯಾಯಿತು, "ನೋಡು ಬೇ, ನಾ ಕಡೆ ಬಿಟ್ಟಾಕಿ ಅಲ್ಲ" ಅಂದಳು ನನಗೆ. ಪೆನಾಲ್ಟಿಗಳು ಶುರುವಾದಾಗ ಮಾತು ಕಡಿಮೆಯಾಯಿತು. ಗಡ್ಡದ ರಾಜಕುಮಾರ ತಲೆ ತಗ್ಗಿಸಿ ಹೋದ. ಚೆಂಡು ಕಂಬಕ್ಕೆ ಬಡಿಯಿತು, ಬೆನ್ನಿಗೆ ಬಡಿಯಿತು, ಒಳಗೆ ಹೋಯಿತು. ಜೈತುನಬಿ ಆಯಿಯ ಕೈ ಹಿಡಿದಳು. ಬೆಂಚಿನೊಳಗಿಂದ ಹಿಡಿದಳೋ, ನಮ್ಮ ಅಂಗಳದಲ್ಲಿ ಹಿಡಿದಳೋ, ಹೇಳಲಾರೆ.

"ಸೋತ್ರೂ ಕೈ ಬಿಡಬ್ಯಾಡ" ಅಂದಳು.

"ಬಿಡೂದಿಲ್ಲ" ಅಂದಳು ಆಯಿ. ಅಂದವಳು ಬೆಚ್ಚಿ ನನ್ನ ಕಡೆ ನೋಡಿದಳು. ಆ ಮಾತು ತನ್ನ ಬಾಯಿಂದ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಕೊನೆಯವನು ಓಡಿ ಬಂದು ಒದ್ದ. ಆಯಿಯ ಭುಜ ಮೇಲೆದ್ದಿತು, ಬೆರಳುಗಳು ಬಿಚ್ಚಿಕೊಂಡವು, ಮುಖದ ತುಂಬ ಗೆದ್ದವರ ನಗೆ ಬಂತು. ಕೈ ಅರ್ಧ ಬಿಡಿಸಿಕೊಂಡಿದ್ದಳು. ಅಲ್ಲಿಗೆ ನಿಂತಳು. ನಗೆ ಒಂದೊಂದೇ ಕಡೆಯಿಂದ ಆರಿತು.

"ಈ ಕೈ ನಂದು" ಅಂದಳು. "ಝಾಡಿಸಿದಾಕಿ ನಾನು."

ಜೈತುನಬಿ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು. ಆಮೇಲೆ, "ಅಂದ್ರ ಇಷ್ಟು ವರ್ಷ ನಿನ್ನ ನಾಚಿಕಿ ನಾ ಪಟ್ಟೆ?"

"ಹೂಂ. ನಿನ್ನ ಸಿಟ್ಟು ನಾ ಮಾಡಿದೆ."

"ಚಲೋ ಆತು ಬಿಡು. ನನಗ ಸಿಟ್ಟು ಮಾಡಾಕ ಎಲ್ಲಿ ಬರತೈತಿ."

"ನನಗ ನಾಚಿಕಿ ಎಲ್ಲಿ ಬರತಿತ್ತು" ಅಂದಳು ಆಯಿ. ಈರಪ್ಪಣ್ಣ ನಗು ತಡೆಯಲು ಗೋಡೆ ಕಡೆ ತಿರುಗಿದ. ಆಯಿ ಮಾತ್ರ ನಗಲಿಲ್ಲ. ಬಿಚ್ಚಿದ ಬೆರಳುಗಳನ್ನು ಮತ್ತೆ ಮಡಚಿ ಆ ಕೈ ಹಿಡಿದಳು. "ತಪ್ಪಾತು, ಜೈತುನ."

ಅವರು ಹಾಗೇ ಕೂತಿದ್ದರು. ಬಿಸಿಲು ಬೆಂಚಿನಿಂದ ಇಳಿದು ಅಂಗಳ ದಾಟಿತು. "ಎದ್ರ ಇದೂ ಮರೀತೈತಿ" ಅಂದಳು ಜೈತುನಬಿ. "ಹಂಗಾದ್ರ ಏಳೂದs ಬ್ಯಾಡ" ಅಂದಳು ಆಯಿ. ಆದರೆ ಎಷ್ಟು ಹೊತ್ತು ಕೂತಾರು? ದೂರದಲ್ಲಿ ಸಂಜೆಯ ಆಜಾನ್ ಕೇಳಿಸಿತು, ಜೈತುನಬಿ ನಮಾಜಿಗೆ ಏಳಲೇಬೇಕಿತ್ತು. ಆಯಿ ನನ್ನತ್ತ ನೋಡಿದಳು, ನೀನು ಕೇಳಿದ್ದೀಯಲ್ಲ ಎಂಬ ಹಾಗೆ. ಇಬ್ಬರೂ ಹಿಡಿದ ಕೈ ಊರಿಕೊಂಡೇ, ಒಬ್ಬರನ್ನೊಬ್ಬರು ಎತ್ತಿಕೊಂಡು ಎದ್ದರು.

ಎದ್ದು ನಿಂತು ಮುಖ ಮುಖ ನೋಡಿಕೊಂಡರು.

"ನನ್ನ ಕೈ ಯಾಕ ಹಿಡದಿ?" ಅಂದಳು ಆಯಿ.

"ಯಾರಿಗೆ ಗೊತ್ತು? ನೀನs ಹಿಡದಿಯೇನೋ. ಬಿಡ್ಲೇನು?"

"ಇರಲಿ. ಮೊಣಕಾಲು ಸರಿ ಇಲ್ಲ ನಂದು." ಆಯಿ ನಾಲಿಗೆಯನ್ನು ಬಾಯಲ್ಲೆಲ್ಲ ಆಡಿಸಿ ಏನನ್ನೋ ಹುಡುಕಿದಳು. ಸಿಗಲಿಲ್ಲ. ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು, "ಚಂದ್ರಿ, ತಪ್ಪಾತು ಅನ್ನೂ ಮಾತು ಆತೇನು?"

"ಆತು, ಆಯಿ. ನಾ ಕಿವಿಯಾರೆ ಕೇಳೀನಿ."

ಯಾರು ಅಂದರು ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. "ಹಂಗಾದ್ರ ಆತು" ಅಂದಳು. "ಈ ರಂಜಾನದ ಅಕಿ ಡಬ್ಬಿ ಇನ್ನೂ ಒಳಗs ಐತಿ, ತಗೊಂಡ ಬಾ. ಶೇಂಗಾದ ಉಂಡಿ ತುಂಬು. ಖಾಲಿ ಕಳಿಸಬ್ಯಾಡ." ನಾನು ಡಬ್ಬಿ ತುಂಬಿ ತಂದು ಬಾಗಿಲಲ್ಲಿ ಕೊಡಲು ಹೋದೆ. ಆಯಿಯ ಒಂದು ಕೈ ಜೈತುನಬಿಯ ಕೈಯಲ್ಲಿತ್ತು, ಉಳಿದ ಕೈಯಿಂದ ಡಬ್ಬಿ ಈಸಿಕೊಂಡು, ತಾನೇ ಅವಳ ಜೊತೆ ಓಣಿಗೆ ಇಳಿದಳು. ನಾನು ಹೂಂ ಅಂದಿದ್ದ ಕೆಲಸ ಅಲ್ಲಿಗೆ ಮುಗಿಯಿತು.